ಹೆಸರಿಲ್ಲದ ಸೇವಕರು

ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ನಡುವಿನ ಹೆಗ್ಗೋಡಿನಲ್ಲಿ, 1949ರಲ್ಲಿ, ಊರಿನ ಕಲಾಸಕ್ತರು ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು. ಅದೇ ‘ನೀನಾಸಮ್’. ‘ಸೇವಾ’ ಎಂಬ ಪದ ಅದರ ಹೆಸರಿನಲ್ಲೇ ಇದೆ. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. 1985ರಿಂದ ‘ತಿರುಗಾಟ’ವು ನಾಟಕಗಳನ್ನು ಊರೂರಿಗೆ ಒಯ್ದಿತು. 1991ರಲ್ಲಿ ಸಂಘದ ಚೇತನವಾಗಿದ್ದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅಷ್ಟರಲ್ಲಿ 42 ವರ್ಷಗಳು ಕಳೆದಿದ್ದವು. ಪ್ರಶಸ್ತಿ ಒಬ್ಬರದು, ದುಡಿಮೆ ಹಲವರದು.

ಆದಿ ಧರ್ಮಸಭೆಯು ವಿಧವೆಯರ ದಿನದಿನದ ಊಟೋಪಚಾರಕ್ಕೆಂದು ಆರಿಸಿದ ಏಳು ಮಂದಿಯ ಹೆಸರುಗಳನ್ನು ಪ್ರೇಷಿತರ ಕಾರ್ಯಕಲಾಪಗಳು ಒಂದನ್ನೂ ಬಿಡದೆ ದಾಖಲಿಸಿದೆ. ನಮ್ಮ ಧರ್ಮಕೇಂದ್ರಗಳಲ್ಲಿ ದೇವಾಲಯ ಗುಡಿಸುವವರ, ರೋಗಿಗಳ ಮನೆಗೆ ನಡೆದು ಹೋಗುವವರ ಹೆಸರುಗಳನ್ನು ಯಾರು ಬರೆದಿಟ್ಟಿದ್ದಾರೆ? ಅವರು ಪ್ರಶಂಸೆಯನ್ನು ಬೇಡುವುದಿಲ್ಲ. ಆದರೂ ಅವರು ಬದುಕಿರುವಾಗಲೇ ಅವರಿಗೆ ಕೃತಜ್ಞತೆ ಸಲ್ಲಿಸುವುದು ನಮ್ಮ ಧರ್ಮ.