ಮರಳು, ಕಡತ, ಹುಣಸೆಬೀಜ

ಶಿರಾ ಪಟ್ಟಣದಿಂದ ಮಧುಗಿರಿಗೆ ಹೋಗುವ ದಾರಿಯಲ್ಲಿ ಬಡವನಹಳ್ಳಿ ಎಂಬ ಊರಿದೆ. ಈ ಎರಡು ತಾಲ್ಲೂಕುಗಳೂ ಕೊರಟಗೆರೆ ಪಾವಗಡಗಳೂ ಕೂಡಿ ಈಗ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಮಳೆಗೆ ಬರವುಂಟಾದರೂ ಈ ಸೀಮೆಯಲ್ಲಿ ಹುಣಸೆಗೆ ಬರವಿಲ್ಲ. ಇಲ್ಲಿನ ಮಗುವಿನ ಕೈಗೆ ಒಂದು ಹಿಡಿ ಹುಣಸೆಬೀಜವನ್ನು ಕೊಟ್ಟು ಲೆಕ್ಕ ಕಲಿಸಿರೆಂದು ಶಿಕ್ಷಣಶಾಸ್ತ್ರಜ್ಞರು ಹೇಳಿದರೆ, ಅದು ಹೊರದೇಶದಿಂದ ಬಂದ ನೂತನ ವಿಧಾನವೆಂದೇ ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಚರಿತ್ರೆಯನ್ನು ನೋಡಿದರೆ ಸಂಗತಿ ಅಷ್ಟು ಸುಲಭವಾಗಿಲ್ಲ.

1822ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಅವರು ಜಿಲ್ಲೆಗಳ ಪಾಠಶಾಲೆಗಳ ವಿವರವನ್ನು ಕೇಳಿದರು. ಬಳ್ಳಾರಿಯ ಕಲೆಕ್ಟರಾದ ಎ. ಡಿ. ಕ್ಯಾಂಬೆಲ್ ಅವರು ಮರುವರ್ಷ ಕಳುಹಿಸಿದ ಉತ್ತರವು ಇಂದಿಗೂ ಓದತಕ್ಕದ್ದು. ಪಾವಗಡ ಮಧುಗಿರಿಗಳಿಗೆ ನೆರೆಯಾದ ಮಡಕಶಿರವು ಆಗ ಆ ಜಿಲ್ಲೆಗೇ ಸೇರಿತ್ತು. ಆದುದರಿಂದ ಅಲ್ಲಿನ ಮಾತು ಈ ಸೀಮೆಯ ಕೂಲಿಮಠಗಳಿಗೂ ಬಹುಮಟ್ಟಿಗೆ ಸಲ್ಲುವುದೆಂದು ನಾವು ಊಹಿಸುತ್ತೇವೆ. ಜಿಲ್ಲೆಯಲ್ಲಿ 533 ಪಾಠಶಾಲೆಗಳು, 6,641 ವಿದ್ಯಾರ್ಥಿಗಳು. ಎಂದರೆ ಒಂದೊಂದರಲ್ಲಿ ಹನ್ನೆರಡು ಹದಿಮೂರು ಮಕ್ಕಳು. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ಆಮೇಲೆ ಹಲಗೆ, ಇಲ್ಲವೆ ಕಡತ. ಹಲಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ನುಣುಪಾದ ಮರ. ಅದಕ್ಕೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿದರೆ ಸಿದ್ಧವಾಯಿತು. ಕಡತವು ಗಂಜಿ ಹಾಕಿ ಮಡಿಸಿದ ಬಟ್ಟೆ. ಅದರ ಮೇಲೆ ಇದ್ದಲು ಮತ್ತು ಅಂಟಿನ ಲೇಪ. ಬಳಪದಿಂದ ಬರೆದು ಒದ್ದೆಬಟ್ಟೆಯಿಂದ ಒರಸಿದರೆ ಮತ್ತೆ ಹೊಸದು. ಅಂಗಡಿಯಿಂದ ಕೊಂಡು ತರಬೇಕಾದುದು ಬಹಳ ಕಡಮೆ.

ಬೆಳಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಏರುತ್ತಿತ್ತು. ಸೊನ್ನೆಯ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ತಿಳಿಸಲಾರದು. ಏರಿಕೆಯ ಶ್ರೇಣಿಯನ್ನು ಮಾತ್ರ ಬೇರೆ ರೀತಿಯಲ್ಲಿ ತಿಳಿಸಬಹುದಿತ್ತು.

ಮರಳ ಮೇಲೆ ಬರೆಯುವ ಈ ಕ್ರಮವನ್ನು 1789ರಲ್ಲಿ ಮದರಾಸಿನ ಅನಾಥಾಲಯದ ಮೇಲ್ವಿಚಾರಕರಾಗಿದ್ದ ಆಂಡ್ರ್ಯೂ ಬೆಲ್ ಅವರು ಕಂಡು ತಮ್ಮಲ್ಲಿಯೂ ಜಾರಿಗೆ ತಂದರು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಪದ್ಧತಿಯೊಡನೆ ಅದು ಇಂಗ್ಲೆಂಡಿಗೂ ಹೋಯಿತು. ಕ್ಯಾಂಬೆಲ್ ಅವರೂ ಇದನ್ನು ಮೆಚ್ಚಿದರು. ಆದರೆ ಮಕ್ಕಳು ಅರ್ಥವರಿಯದೆ ಗಿಳಿಗಳಂತೆ ಪದ್ಯಗಳನ್ನು ಒಪ್ಪಿಸುತ್ತಾರೆಂದು ಆಕ್ಷೇಪಿಸಿದವರೂ ಅವರೇ. ಹಳೆಯದನ್ನು ಹೊಗಳುವ ನಾವು ಈ ಆಕ್ಷೇಪವನ್ನು ಮರೆಮಾಚಬಾರದು. ಮಠದಲ್ಲಿ ಅಕ್ಷರವು ಕೈಗೆ ಬಂದಿತು, ಲೆಕ್ಕವು ಬಹುಪಾಲು ಕಂಠದಲ್ಲೇ ನಿಂತಿತು. ಕಾಲು, ಅರೆ, ಮುಕ್ಕಾಲು ಮಗ್ಗಿಗಳಿಗೆ ಮನೆಯ ಸೇರು ಕೊಳಗಗಳು ಅರ್ಥ ಕೊಡುತ್ತಿದ್ದುವು. 1957ರಲ್ಲಿ ನಯಾಪೈಸೆಯೂ, ಅದರ ಹಿಂದೆಯೇ ಮೆಟ್ರಿಕ್ ಅಳತೆಗಳೂ ಬಂದಮೇಲೆ ಆ ಆಸರೆಯೂ ಸಡಿಲಿತು.

ಕೈಗೂ ಲೆಕ್ಕಕ್ಕೂ ಮತ್ತೆ ನಂಟು ಬೆಳೆಸುವ ದೊಡ್ಡ ಪ್ರಯತ್ನವೆಂದರೆ 'ನಲಿ-ಕಲಿ'. ಮದನಪಲ್ಲಿಯ ಬಳಿಯ ಋಷಿವ್ಯಾಲಿಯ ಪ್ರಯೋಗದಿಂದ ಪ್ರೇರಿತರಾದ ಉಪಾಧ್ಯಾಯರು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಇದನ್ನು ಆರಂಭಿಸಿದರು. ಕಾರ್ಡು, ಕಡ್ಡಿ, ಕಲ್ಲು, ಬೀಜಗಳು. ಮಗು ತನ್ನ ವೇಗದಲ್ಲಿ ಮೆಟ್ಟಿಲೇರುವ ಕ್ರಮ. 2009ರ ವೇಳೆಗೆ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹಬ್ಬಿತು. ಮುಂದೆ ಗಣಿತದ ಸಾಮಗ್ರಿಗಳ ಪೆಟ್ಟಿಗೆಗಳೂ ಶಾಲೆಗಳಿಗೆ ಬಂದುವು. ಪೆಟ್ಟಿಗೆಗೊಂದು ಅಪಾಯವುಂಟು: ಬೆಲೆಯುಳ್ಳದ್ದೆಂದು ಅದು ಬೀರುವಿನೊಳಗೇ ಉಳಿಯುತ್ತದೆ. ಹುಣಸೆಬೀಜ ಕಳೆದುಹೋದರೆ ಯಾರೂ ಲೆಕ್ಕ ಕೇಳುವುದಿಲ್ಲ.

ಶ್ರೋತೃಗಳು ತಮ್ಮ ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. "ಆರೇಳ್ಲ ನಲವತ್ತೆರಡು" ಎಂದು ಥಟ್ಟನೆ ಒಪ್ಪಿಸುವ ಮಗುವಿನ ಮುಂದೆ ನಲವತ್ತೆರಡು ಬೀಜಗಳನ್ನು ಸುರಿಯಿರಿ. ಏಳೇಳರ ಆರು ಸಾಲು ಮಾಡಲಿ. ಪಕ್ಕಕ್ಕೆ ಬಂದು ನೋಡಿದರೆ ಅದೇ ಆರಾರರ ಏಳು ಸಾಲು. ಆಮೇಲೆ ಇನ್ನೊಂದು ಬೀಜವನ್ನು ಸೇರಿಸಿ ಸುಮ್ಮನೆ ಕುಳಿತುಕೊಳ್ಳಿ. ನಲವತ್ತಮೂರನ್ನು ಎರಡೆರಡಾಗಿ, ಮೂರುಮೂರಾಗಿ, ಐದೈದಾಗಿ ಎಷ್ಟು ಬಗೆಯಲ್ಲಿ ಜೋಡಿಸಿದರೂ ಸಾಲು ಸಮವಾಗದೆ, ಮಗು ತಲೆಯೆತ್ತಿ ಏಕೆಂದು ಕೇಳುತ್ತದೆ.