ಏತ, ಕಪಿಲೆ, ಪಂಪು: ರಸೆಲ್ ಮಾರುಕಟ್ಟೆಯ ತರಕಾರಿಗೆ ನೀರೆತ್ತಿದ ಕಥೆ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯನ್ನು ಕಟ್ಟಿದ್ದು 1927ರಲ್ಲಿ, ಉದ್ಘಾಟನೆಯಾದದ್ದು 1933ರಲ್ಲಿ. ಆಗಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಅವರ ಹೆಸರು ಕಟ್ಟಡಕ್ಕೆ ಉಳಿಯಿತು. ಅಲ್ಲಿ ಮಾರಾಟವಾದ ಕೋಸು, ಬೀನ್ಸ್, ಸೊಪ್ಪಿಗೆ ನೀರೆತ್ತಿದವರ ಹೆಸರು ಎಲ್ಲೂ ಉಳಿಯಲಿಲ್ಲ. ಅವರು ನಮ್ಮಂಥ ಹಳ್ಳಿಯವರು. ಅವರ ಕಥೆಯನ್ನು ನಾವೇ ಹೇಳಿಕೊಳ್ಳಬೇಕು.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ತಂದು ಹಲಸೂರಿನ ಬಳಿ ದಂಡು ಹೂಡಿದರು. ದಂಡಿನವರಿಗೆ ದಿನವೂ ತರಕಾರಿ ಬೇಕಿತ್ತು. ಸುತ್ತಲ ತಿಗಳರು ಮತ್ತು ಇತರ ರೈತರು ಸೊಪ್ಪು, ಹೂವಿನ ಜೊತೆ ಸೀಮೆ ತರಕಾರಿಯನ್ನೂ ಬೆಳೆದರು. ಕೆರೆಯ ತೂಬಿನ ನೀರು ತಗ್ಗಿನ ಗದ್ದೆಗೆ ತಾನೇ ಹರಿಯುತ್ತದೆ. ದಿಣ್ಣೆಯ ಮೇಲಿನ ತೋಟಕ್ಕೆ ಮಾತ್ರ ಎತ್ತಿಯೇ ಹಾಯಿಸಬೇಕು.

ನೀರು ಮೇಲೆಯೇ ಇದ್ದರೆ ಏತ ಸಾಕಾಗುತ್ತಿತ್ತು. ಒಬ್ಬ ಏತದ ಮರದ ಮೇಲೆ ಹಿಂದೆ ಮುಂದೆ ನಡೆಯುತ್ತಿದ್ದ, ಇನ್ನೊಬ್ಬ ಕೆಳಗೆ ನಿಂತು ನೀರು ಸುರಿದುಕೊಳ್ಳುತ್ತಿದ್ದ. ಬಾವಿ ಆಳವಾಗಿದ್ದರೆ ಕಪಿಲೆ. ಜೋಡೆತ್ತು ಇಳಿಜಾರಿನಲ್ಲಿ ಕೆಳಗೆ ನಡೆದರೆ ಹಗ್ಗದ ತುದಿಯ ಚರ್ಮದ ಚೀಲ ತುಂಬಿ ಮೇಲೆ ಬರುತ್ತಿತ್ತು. ಎತ್ತುಗಳು ಹಿಂದಕ್ಕೆ ಸರಿದರೆ ಚೀಲ ಮತ್ತೆ ಬಾವಿಗೆ ಇಳಿಯುತ್ತಿತ್ತು. ಒಂದು ಜೋಡಿ ಎತ್ತು, ಒಬ್ಬ ಆಳು ಎಷ್ಟು ಎತ್ತಬಲ್ಲರೋ ಅಷ್ಟೇ ತೋಟ. ಬಾವಿಯೂ ರಾತ್ರಿ ಊರಿಕೊಳ್ಳಲು ಸಮಯ ಸಿಗುತ್ತಿತ್ತು.

ಅದೇ ಕಾಲದಲ್ಲಿ ಊರಿಗೆ ನದಿ ನೀರನ್ನು ಯಂತ್ರ ಎತ್ತುತ್ತಿತ್ತು. 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯ ನೀರು ಸೋಲದೇವನಹಳ್ಳಿಗೆ ಹರಿದು ಬಂದು, ಅಲ್ಲಿಂದ ಉಗಿ ಎಂಜಿನ್ ಬಲದಿಂದ ಬೆಂಗಳೂರಿಗೆ ಏರಿತು. 1905ರಲ್ಲಿ ಬೀದಿಗೆ ವಿದ್ಯುತ್ ದೀಪ ಬಂತು. ರಸೆಲ್ ಮಾರುಕಟ್ಟೆ ಉದ್ಘಾಟನೆಯಾದ 1933ರಲ್ಲೇ ತಿಪ್ಪಗೊಂಡನಹಳ್ಳಿ ಜಲಾಶಯವೂ ಸಿದ್ಧವಾಯಿತು. ಕೊಳಾಯಿ, ಕರೆಂಟು ಎರಡೂ ಪೇಟೆ ಮತ್ತು ದಂಡಿನ ಮನೆಗಳಿಗೆ ಬಂದವು. ಆ ಊರಿಗೆ ತರಕಾರಿ ಕೊಡುತ್ತಿದ್ದ ಹಳ್ಳಿಯ ತೋಟದಲ್ಲಿ ಕಪಿಲೆಯೇ ಮುಂದುವರಿಯಿತು.

ಕರೆಂಟಿಲ್ಲದ ತೋಟಕ್ಕೆ ಆಮೇಲೆ ಬಂದದ್ದು ಆಯಿಲ್ ಎಂಜಿನ್. ಹೊಳೆಯ ದಡದಲ್ಲಿಟ್ಟು, ಪೈಪು ಇಳಿಬಿಟ್ಟು, ಹ್ಯಾಂಡಲ್ ತಿರುಗಿಸಿದರೆ ಆಯಿತು. ಆದರೆ ಅದಕ್ಕೂ ಒಂದು ಮಿತಿ ಇತ್ತು. ಮೇಲಿಟ್ಟ ಪಂಪು ಸುಮಾರು 7 ಮೀಟರ್‌ಗಿಂತ ಆಳದ ನೀರನ್ನು ಹೀರಲಾರದು. ಹಾಗಾಗಿ ಆಳದ ಬಾವಿಯಲ್ಲಿ ಪಂಪನ್ನೇ ಒಳಗೆ ಇಳಿಸಿ ಕೂರಿಸುತ್ತಿದ್ದರು. ಕೊನೆಗೆ ಬೋರ್‌ವೆಲ್ ಮತ್ತು ನೀರೊಳಗೇ ಮುಳುಗಿ ಓಡುವ ಮೋಟರು ಆ ಮಿತಿಯನ್ನೂ ತೆಗೆದುಹಾಕಿದವು. ಎತ್ತಿಗೆ ದಣಿವಾಗುತ್ತಿತ್ತು, ಮೋಟರಿಗೆ ಆಗಲಿಲ್ಲ. ಬಾವಿಗಳು ಬತ್ತಿದವು, ಬೋರು ನೂರಾರು ಅಡಿ ಇಳಿಯಿತು.

1974ರಿಂದ ಬೆಂಗಳೂರಿಗೆ ಕಾವೇರಿ ಬಂತು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಅದನ್ನು ಪಂಪ್ ಮಾಡುತ್ತಾರೆ. ಊರು ಬಳಸಿ ಬಿಟ್ಟ ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ. ಮಳೆ ಇಲ್ಲದ ತಿಂಗಳಲ್ಲೂ ಹರಿಯುವುದು ಅದೊಂದೇ. ಬೋರು ಬತ್ತಿದ ಮೇಲೆ ಹಲವರು ಅದಕ್ಕೇ ಪಂಪು ಇಟ್ಟರು. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಏರಿಸುವ ಯೋಜನೆ ಶುರುವಾಯಿತು. ಆ ಕೆರೆಗಳಿಂದ ನೇರವಾಗಿ ಪಂಪ್ ಮಾಡುವಂತಿಲ್ಲ, ಅಂತರ್ಜಲ ತುಂಬಲೆಂದೇ ಅದು. ಶುದ್ಧೀಕರಣ ಸಾಲದು ಎಂಬ ದೂರು ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಕಪಿಲೆಯ ಕಾಲದಲ್ಲಿ ಪ್ರಶ್ನೆ ಒಂದೇ ಇತ್ತು: ಎಷ್ಟು ನೀರು ಎತ್ತಬಹುದು? ಈಗ ಎತ್ತುವುದು ಕಷ್ಟವಲ್ಲ. ಆ ನೀರು ಎಂಥದ್ದು, ಪರೀಕ್ಷೆಯ ಫಲಿತಾಂಶ ನಮ್ಮ ಕೈಗೆ ಸಿಗುತ್ತದೆಯೇ ಎಂಬುದೇ ಪ್ರಶ್ನೆ. ಕೊಳಾಯಿ ನೀರನ್ನು ಪರೀಕ್ಷಿಸಿ ಕುಡಿಯುವ ಊರು, ಹಳ್ಳಿಗೆ ಕಳಿಸುವ ನೀರಿನ ಲೆಕ್ಕವನ್ನೂ ಪಂಚಾಯಿತಿಯ ಬೋರ್ಡಿನಲ್ಲಿ ಹಾಕಬೇಕು. ಆ ನೀರಿನಲ್ಲಿ ಬೆಳೆದ ಸೊಪ್ಪು ಹೋಗುವುದು ಅದೇ ಊರಿನ ಮಾರುಕಟ್ಟೆಗೆ. ಅದಕ್ಕೂ ಮೊದಲು ಅದನ್ನು ಉಣ್ಣುವುದು ನಾವು.