ತಿರುಗುವ ಚೆಂಡಿನ ವಂಶಾವಳಿ: ಒಂದು ಪುನರ್ವಿಮರ್ಶೆ

ಗಣಕದ ಪರದೆಯ ಮೇಲೆ ಮೂಡುವ ‘ಕಾಯಿರಿ’ ಚಿಹ್ನೆಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅದನ್ನು ಚಿತ್ರಗಳ ಚರಿತ್ರೆಯೆಂದೇ ಭಾವಿಸಿ, 1981ರ ಜೆರಾಕ್ಸ್ ಸ್ಟಾರ್ ಯಂತ್ರದ ಮರಳುಗಡಿಯಾರದಿಂದ 1984ರ ಮ್ಯಾಕಿಂಟಾಷ್‌ಗಾಗಿ ಸೂಸಾನ್ ಕೇರ್ ರಚಿಸಿದ ಕೈಗಡಿಯಾರಕ್ಕೂ, ಅಲ್ಲಿಂದ 1987ರ ಹೈಪರ್‌ಕಾರ್ಡ್ ಪ್ರೋಗ್ರಾಮಿನ ಕಪ್ಪುಬಿಳಿ ಚೆಂಡಿಗೂ, ಕಡೆಗೆ 2001ರ ಮ್ಯಾಕ್ ಓಎಸ್ ಟೆನ್‌ನ ಬಣ್ಣದ ಚೆಂಡಿಗೂ ಒಂದೇ ಗೆರೆಯನ್ನೆಳೆದು ತೃಪ್ತರಾಗಿದ್ದಾರೆ. ಈ ವಂಶಾವಳಿಯ ಕಡೆಯ ಕೊಂಡಿಗೆ ರೂಪಸಾದೃಶ್ಯವೊಂದೇ ಆಧಾರ: ಎರಡೂ ಚೆಂಡುಗಳು, ಎರಡೂ ತಿರುಗುತ್ತವೆ, ಆದುದರಿಂದ ಒಂದು ಇನ್ನೊಂದರ ಸಂತಾನ. ಅವುಗಳನ್ನು ತಿರುಗಿಸುವವರು ಯಾರೆಂಬ ಪ್ರಶ್ನೆಯನ್ನು ಈ ವಿದ್ವಾಂಸರು ಕೇಳಿಕೊಂಡಂತೆ ತೋರುವುದಿಲ್ಲ.

ಹೈಪರ್‌ಕಾರ್ಡಿನ ಚೆಂಡು ತಾನಾಗಿ ತಿರುಗುತ್ತಿರಲಿಲ್ಲ. ಆ ಪ್ರೋಗ್ರಾಮಿನ ಹೈಪರ್‌ಟಾಕ್ ಭಾಷೆಯಲ್ಲಿ ‘ಸೆಟ್ ಕರ್ಸರ್ ಟು ಬಿಝಿ’ ಎಂಬ ಆದೇಶವನ್ನು ಒಮ್ಮೆ ಕೊಟ್ಟರೆ ಅದು ಒಂದು ಹೆಜ್ಜೆ ಹೊರಳಿ ನಿಲ್ಲುತ್ತಿತ್ತು. ಮತ್ತೆ ಹೊರಳಬೇಕಾದರೆ ಮತ್ತೊಮ್ಮೆ ಆದೇಶ ಬೇಕು. ಆದುದರಿಂದ ನೂರಾರು ಕಾರ್ಡುಗಳನ್ನು ಒಂದೊಂದಾಗಿ ತಿದ್ದುವಂಥ ದೀರ್ಘಕಾರ್ಯವನ್ನು ಬರೆಯುವವನು ಲೂಪಿನ ಒಳಗೇ ಆ ಸಾಲನ್ನು ಸೇರಿಸುತ್ತಿದ್ದನು. ಒಂದು ಕಾರ್ಡು ಮುಗಿದರೆ ಚೆಂಡು ಒಂದು ಹೆಜ್ಜೆ. ಕೆಲಸ ಎಲ್ಲಿಯಾದರೂ ಸಿಕ್ಕಿಕೊಂಡಿತೋ, ಚೆಂಡೂ ಅಲ್ಲಿಯೇ ಸ್ತಬ್ಧ. ಅಲ್ಲಿಯ ಭ್ರಮಣವು ಕಾರ್ಯ ಸಾಗುತ್ತಿದೆಯೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವಾಗಿತ್ತು.

ಬಣ್ಣದ ಚೆಂಡಿನ ವೃತ್ತಾಂತವು ಇದಕ್ಕೆ ತದ್ವಿರುದ್ಧ. ಪ್ರೋಗ್ರಾಮು ಕೆಲವು ಸೆಕೆಂಡುಗಳ ಕಾಲ ತನಗೆ ಬಂದ ಮೌಸ್ ಮತ್ತು ಕೀಲಿಗಳ ಸಂದೇಶಗಳನ್ನು ಎತ್ತಿಕೊಳ್ಳದೆ ಹೋದಾಗ, ಅದರಿಂದ ಪ್ರತ್ಯೇಕವಾಗಿ ನಡೆಯುವ ವಿಂಡೋ ಸರ್ವರ್ ಎಂಬ ವ್ಯವಸ್ಥೆಯು ಆ ಚೆಂಡನ್ನು ತೋರಿಸಿ ತಾನೇ ತಿರುಗಿಸುತ್ತದೆ. ಪ್ರೋಗ್ರಾಮು ನಿಶ್ಚೇಷ್ಟಿತವಾಗಿದ್ದರೂ ಚೆಂಡಿನ ಗತಿಗೆ ಭಂಗವಿಲ್ಲ. ಒಂದು ಚೆಂಡು ಕೆಲಸಗಾರನ ಸ್ವಂತ ಹೇಳಿಕೆಯಾದರೆ ಇನ್ನೊಂದು ಕರೆದರೆ ಓಗೊಡದವನನ್ನು ಕುರಿತು ನೆರೆಯವನು ಕೊಟ್ಟ ದೂರು. ಇವೆರಡಕ್ಕೂ ತಂದೆಮಕ್ಕಳ ಸಂಬಂಧವನ್ನು ಕಟ್ಟುವುದಕ್ಕೆ ಧೈರ್ಯ ಬೇಕು.

ಬಣ್ಣದ ಚೆಂಡಿನ ನಿಜವಾದ ಪೂರ್ವಜವಿರುವುದು ನೆಕ್ಸ್ಟ್ ಯಂತ್ರದಲ್ಲಿ. 1988ರಲ್ಲಿ ಹೊರಬಂದ ಆ ಗಣಕದ ಕಾಯುವ ಚಿಹ್ನೆಯು ಅದರ ಮ್ಯಾಗ್ನೆಟೋ-ಆಪ್ಟಿಕಲ್ ಡಿಸ್ಕಿನ ಚಿತ್ರವಾಗಿತ್ತೆಂಬುದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಅದರ ಡಿಸ್‌ಪ್ಲೇ ಪೋಸ್ಟ್‌ಸ್ಕ್ರಿಪ್ಟ್ ಕೈಪಿಡಿಗಳಲ್ಲಿ, ಆ ಚಿಹ್ನೆಯನ್ನು ತಾನಾಗಿ ತೋರಿಸುವ ವ್ಯವಸ್ಥೆಯನ್ನು ಪ್ರೋಗ್ರಾಮು ಬೇಕೆಂದಾಗ ತಡೆಹಿಡಿಯಲು ‘ಸೆಟ್‌ವೇಟ್‌ಕರ್ಸರ್‌ಎನೇಬಲ್ಡ್’ ಎಂಬ ಆದೇಶವೊಂದು ಇದ್ದುದನ್ನು ಗಮನಿಸಿದವರು ವಿರಳ. ತಡೆಯುವ ಉಪಾಯವನ್ನು ಒದಗಿಸಬೇಕಾಗಿ ಬಂದಿತೆಂದ ಮೇಲೆ, ತೋರಿಸುವ ಅಧಿಕಾರವು ಪ್ರೋಗ್ರಾಮಿನ ಕೈಯಿಂದ ಆಗಲೇ ಜಾರಿತ್ತೆಂದು ಬೇರೆ ಹೇಳಬೇಕಾಗಿಲ್ಲ. ನೆಕ್ಸ್ಟ್ ಸಂಸ್ಥೆ ಆಪಲ್‌ನಲ್ಲಿ ಲೀನವಾದಾಗ ಈ ಪದ್ಧತಿಯೂ ಅದರೊಡನೆ ಬಂದಿತು.

ವಿಂಡೋಸ್‌ನ ಮರಳುಗಡಿಯಾರವು ಮೂರನೆಯ ಬಗೆ. ಪ್ರೋಗ್ರಾಮು ದೀರ್ಘಕಾರ್ಯದೊಳಗೆ ಮುಳುಗುವ ಮುನ್ನ ಮಾಡುವ ಘೋಷಣೆ ಅದು. ಮೌಸ್ ಚಲಿಸಿದೊಡನೆ ಅದು ಪರದೆಯ ಮೇಲೆ ಸಂಚರಿಸುತ್ತಿತ್ತೆಂಬ ಕಾರಣದಿಂದ, ಅದನ್ನಿಡುವುದೂ ತೆಗೆಯುವುದೂ ಆಪರೇಟಿಂಗ್ ಸಿಸ್ಟಮ್ಮೇ ಎಂದು ವಾದಿಸುವವರಿದ್ದಾರೆ. ಸಂಚಾರವೇನೋ ಮೌಸ್ ಡ್ರೈವರಿನ ಕೆಲಸವೇ ಸರಿ, ಅದು ಪ್ರೋಗ್ರಾಮಿಗಾಗಿ ಕಾಯುವುದಿಲ್ಲ. ಆಕೃತಿಯನ್ನು ನಿರ್ಣಯಿಸಿದುದು ಮಾತ್ರ ಪ್ರೋಗ್ರಾಮು. ‘ದಯವಿಟ್ಟು ಕಾಯಿರಿ’ ಎಂಬ ಅಕ್ಷರಗಳನ್ನು ಲೇಬಲ್ಲಿನಲ್ಲಿಟ್ಟು ಕೆಲಸಕ್ಕಿಳಿದರೆ, ಬಣ್ಣ ಬಳಿಯುವ ಸಂದೇಶದ ಸರದಿ ಬರುವಷ್ಟರಲ್ಲಿ ಕೆಲಸವೇ ಮುಗಿದು, ಅಕ್ಷರಗಳು ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದವು. ಕರ್ಸರಾದರೋ ಆ ಸರದಿಗೆ ನಿಲ್ಲದೆ ತತ್‌ಕ್ಷಣ ಬದಲಾಗುತ್ತಿತ್ತು. ವಿಷುವಲ್ ಬೇಸಿಕ್‌ನಲ್ಲಿ ಸ್ಕ್ರೀನಿನ ಮೌಸ್‌ಪಾಯಿಂಟರಿಗೆ 11 ಎಂಬ ಬೆಲೆಯನ್ನು ಕೊಟ್ಟು, ನಡುವೆ ದೋಷವುಂಟಾಗಿ ಅದನ್ನು ಹಿಂದಿರುಗಿಸುವ ಸಾಲನ್ನು ತಲುಪದೆ ಹೋದರೆ, ಮಾಡಲು ಕೆಲಸವೇ ಇಲ್ಲದ ಪ್ರೋಗ್ರಾಮಿನ ಮೇಲೂ ಮರಳುಗಡಿಯಾರವು ಹಾಗೆಯೇ ಉಳಿಯುತ್ತಿತ್ತು. ಸಿಸ್ಟಮ್ಮು ನೋಡಿ ತಿಳಿದು ಇಡುವ ಚಿಹ್ನೆಯಾಗಿದ್ದರೆ ಈ ಸುಳ್ಳು ಸಂಭವಿಸುತ್ತಲೇ ಇರಲಿಲ್ಲ.

2007ರಲ್ಲಿ ವಿಂಡೋಸ್ ವಿಸ್ತಾ ಬಂದು ಮರಳುಗಡಿಯಾರದ ಸ್ಥಾನದಲ್ಲಿ ನೀಲಿಯ ಉಂಗುರವನ್ನಿಟ್ಟಾಗ ಹೊಸ ಯುಗವೇ ಆರಂಭವಾಯಿತೆಂದು ಬರೆದವರಿಗೂ ಇದೇ ಉತ್ತರ ಸಲ್ಲುತ್ತದೆ. ಕಾಯುವ ಕರ್ಸರಿನ ಸಂಖ್ಯೆ ಹಿಂದೆ 32514. ವಿಸ್ತಾದಲ್ಲಿಯೂ ಅದೇ 32514. ಮರಳುಗಡಿಯಾರವನ್ನು ಬೇಡಿ ಬರೆದಿದ್ದ ಹಳೆಯ ಪ್ರೋಗ್ರಾಮುಗಳು ಒಂದು ಸಾಲನ್ನೂ ತಿದ್ದಿಸಿಕೊಳ್ಳದೆ ಉಂಗುರವನ್ನು ತೋರಿಸಿದವು.